ಬಿಬಿಸಿ ಮೈಕ್ರೊ ಮಾಡೆಲ್ ಬಿ: ಸಕಲೇಶಪುರದ ಮಳೆಯಲ್ಲಿ ನಾಲ್ಕು ವರ್ಷ

1984ರಲ್ಲಿ ಶಾಲೆಗಳಲ್ಲಿ ಕಂಪ್ಯೂಟರ್ ಕಲಿಸುವ ಸರ್ಕಾರದ ‘ಕ್ಲಾಸ್’ ಯೋಜನೆ ಶುರುವಾದಾಗ ನಮ್ಮ ಶಾಲೆಗಳಿಗೆ ಬಂದ ಕಂಪ್ಯೂಟರ್ ಇದು. 32 ಕೆಬಿ ಮೆಮೊರಿ, 2 ಮೆಗಾಹರ್ಟ್ಸ್‌ನ 6502 ಪ್ರೊಸೆಸರ್. ನಾನು ಬೇಸಿಕ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿತದ್ದು ಇದರ ಮುಂದೆ ಕೂತೇ. ನಾಲ್ಕು ವರ್ಷದ ಹಿಂದೆ ಹಳೆಯದೊಂದು ಸಿಕ್ಕಿತು, ಜೊತೆಗೆ ಐದೂಕಾಲು ಇಂಚಿನ ಫ್ಲಾಪಿ ಡಿಸ್ಕ್ ಓದುವ ಡ್ರೈವ್. ಅವತ್ತಿನಿಂದ ವಾರಕ್ಕೆ ಎರಡು ಮೂರು ಸಂಜೆ ಬಳಸುತ್ತಿದ್ದೇನೆ. ಇಷ್ಟು ದಿನದಲ್ಲಿ ಮೇನ್ ಬೋರ್ಡ್ ಒಮ್ಮೆಯೂ ಕೈ ಕೊಟ್ಟಿಲ್ಲ. ಕಾಟ ಕೊಟ್ಟದ್ದೆಲ್ಲ ಅದರ ಸುತ್ತಮುತ್ತಲಿನವು.

ಮೊದಲೇ ಹೇಳಿಬಿಡುತ್ತೇನೆ, ತಂದ ಕೂಡಲೇ ಪ್ಲಗ್ ಹಾಕಬೇಡಿ. ಪವರ್ ಸಪ್ಲೈ ಒಳಗೆ ಜೇನಿನ ಬಣ್ಣದ ಎರಡು ಕೆಪಾಸಿಟರ್ ಇರುತ್ತವೆ. ವಯಸ್ಸಾಗಿ ಬಿರುಕು ಬಿಟ್ಟು ತೇವ ಹೀರಿಕೊಂಡಿದ್ದರೆ ಕರೆಂಟ್ ಬಿದ್ದ ಸ್ವಲ್ಪ ಹೊತ್ತಿಗೆ ಢಬ್ ಎಂದು ಹೊಗೆ ಬರುತ್ತದೆ. ಮನೆಯ ಕರೆಂಟ್ ಲೈನಿಗೆಂದೇ ಮಾಡಿದ ಎಕ್ಸ್2 ದರ್ಜೆಯ ಹೊಸವನ್ನು ಹಾಕಿಸಿ. ಖರ್ಚು ಜಾಸ್ತಿ ಏನಿಲ್ಲ.

ಚಿತ್ರದ ವಿಷಯ. ಇಡೀ ಚಿತ್ರವನ್ನು ಒಂದೇ ತಂತಿಯಲ್ಲಿ ಕಳಿಸುವ ಕಾಂಪೊಸಿಟ್ ಸಾಕೆಟ್‌ನಿಂದ ಟಿವಿಗೆ ಕೊಟ್ಟರೆ ಕಪ್ಪು ಬಿಳುಪೇ ಬಂತು. ಚಿಪ್ ಹೋಗಿದೆ ಅಂದುಕೊಂಡೆ. ಆದರೆ ಅದು ಇರುವುದೇ ಹಾಗೆ. ಬೋರ್ಡಿನ ಎಸ್39 ಲಿಂಕ್ ಬೆಸೆದರೆ ಬಣ್ಣ ಬರುತ್ತದೆ, ಅಕ್ಷರದ ಅಂಚು ಮಾತ್ರ ಮಸುಕು. ಚೊಕ್ಕ ಚಿತ್ರ ಬೇಕಾದರೆ ಕೆಂಪು, ಹಸಿರು, ನೀಲಿ ಬೇರೆ ಬೇರೆಯಾಗಿ ಕೊಡುವ ಆರ್‌ಜಿಬಿ ಸಾಕೆಟ್ಟೇ ಸರಿ. ಅದು ಚಿತ್ರದ ಸಾಲುಗಳನ್ನು ಕಳಿಸುವ ವೇಗ 15.6 ಕಿಲೊಹರ್ಟ್ಸ್, ಮಾಮೂಲಿ ವಿಜಿಎ ಮಾನಿಟರ್ ಕೇಳುವುದು 31. ಹಾಗಾಗಿ ನೇರವಾಗಿ ಜೋಡಿಸಿದರೆ ‘ನೋ ಸಿಗ್ನಲ್’. ರಾಸ್ಪ್‌ಬೆರಿ ಪೈ ಜೀರೊ ಎಂಬ ಪುಟಾಣಿ ಕಂಪ್ಯೂಟರ್ ಮೇಲೆ ನಡೆಯುವ ಆರ್‌ಜಿಬಿ ಟು ಎಚ್‌ಡಿಎಂಐ ಬೋರ್ಡ್ ಹಾಕಿದ ಮೇಲೆ ಟಿವಿ ಕಡೆ ಮತ್ತೆ ತಲೆ ಹಾಕಿಲ್ಲ. ಮೇಲಿನ ಸಾಲು ಕತ್ತರಿಸಿದಂತೆ ಕಂಡರೆ *ಟಿವಿ 255 ಎಂಬ ಆಜ್ಞೆ ಕೊಟ್ಟು ಸ್ಕ್ರೀನ್ ಮೋಡ್ ಬದಲಿಸಿ, ಚಿತ್ರ ಒಂದು ಸಾಲು ಕೆಳಗಿಳಿಯುತ್ತದೆ.

ನಿಜವಾಗಿ ಸತಾಯಿಸಿದ್ದು ಡಿಸ್ಕ್. ‘ಡಿಸ್ಕ್ ಫಾಲ್ಟ್ 18’ ಎಂದು ಬರುತ್ತಿತ್ತು, ಅಂದರೆ ಸೆಕ್ಟರ್ (ಡಿಸ್ಕಿನಲ್ಲಿ ಮಾಹಿತಿ ಇರುವ ತುಣುಕು) ಸಿಗಲಿಲ್ಲ ಎಂದು. ಮೂರು ವಾರ ಕೇಬಲ್ ಬದಲಿಸಿ ನೋಡಿದೆ. ಕಡೆಗೆ ನೋಡಿದರೆ ಡಿಸ್ಕ್ 40 ಟ್ರ್ಯಾಕಿನದು (ಟ್ರ್ಯಾಕ್ ಅಂದರೆ ಮಾಹಿತಿ ಬರೆಯುವ ವೃತ್ತ), ಡ್ರೈವ್ 80ರದು. ಡ್ರೈವಿನ ಹಿಂದಿದ್ದ ಪುಟ್ಟ ಸ್ವಿಚ್ ತಿರುಗಿಸಿದೆ, ಓದಿತು! ಓದಲಿಕ್ಕೆ ಮಾತ್ರ ಹೀಗೆ ಮಾಡಿ. 80ರ ಡ್ರೈವಿನಲ್ಲಿ ಓದಿ ಬರೆಯುವ ಹೆಡ್ ಸಣ್ಣದು, ಹಳೆಯದರ ಮೇಲೆ ಬರೆದರೆ ಪಕ್ಕದಲ್ಲಿ ಹಳೆ ಗುರುತು ಉಳಿದು 40ರ ಡ್ರೈವ್ ತಬ್ಬಿಬ್ಬಾಗುತ್ತದೆ.

ಆಮೇಲೆ ಆಷಾಢದ ಜಡಿಮಳೆ. ಡಿಸ್ಕನ್ನು ಬೆಳಕಿಗೆ ಹಿಡಿದು, ಉದ್ದನೆಯ ಕಂಡಿಯಲ್ಲಿ ನಿಧಾನಕ್ಕೆ ತಿರುಗಿಸಿ ನೋಡಿ. ಕಂದು ಮೈ ಮೇಲೆ ಬೂದು ಚುಕ್ಕೆ ಕಂಡರೆ ಅದು ಬೂಷ್ಟು. ಅಂಥದ್ದನ್ನು ಡ್ರೈವಿಗೆ ಹಾಕಲೇಬೇಡಿ. ಹೆಡ್‌ಗೆ ಮೆತ್ತಿಕೊಂಡು ಮುಂದಿನ ಡಿಸ್ಕನ್ನೂ ಕೆರೆಯುತ್ತದೆ. ನಾನು ಹಾಗೆ ಎರಡು ಡಿಸ್ಕ್ ಕಳೆದುಕೊಂಡೆ. ಒಂದರಲ್ಲಿ ಶಾಲೆಯಲ್ಲಿ ಬರೆದ ಪ್ರೋಗ್ರಾಮ್ ಇತ್ತು. ಈಗಲೂ ಬೇಜಾರಾಗುತ್ತದೆ.

ಈಗ ದಿನದ ಕೆಲಸಕ್ಕೆ ಫ್ಲಾಪಿ ಡ್ರೈವಿನ ಬದಲಿಗೆ ಕೂರುವ ಗೋಟೆಕ್ ಎಂಬ ಸಾಧನ ಇದೆ, ಡಿಸ್ಕ್‌ಗಳೆಲ್ಲ ಪೆನ್‌ಡ್ರೈವಿನಲ್ಲಿ. ಹಳೆಯ ಡಿಸ್ಕ್‌ಗಳನ್ನು ತೇವ ತಾಗದಂತೆ, ಕ್ಯಾಮೆರಾ ಲೆನ್ಸ್ ಇಡುವವರ ಹಾಗೆ, ಸಣ್ಣ ಬಲ್ಬ್ ಉರಿಯುವ ಮರದ ಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ. ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಬಿಚ್ಚಿ ನೋಡುವ ತಾಳ್ಮೆ ಇದ್ದವರು ಧೈರ್ಯವಾಗಿ ತಗೊಳ್ಳಿ. ಒಂದು ಡಿಸ್ಕಿನ ಮುಖದಲ್ಲಿ ಹಿಡಿಯುವುದು ಹೆಚ್ಚೆಂದರೆ 31 ಫೈಲ್. ಹೋದ ವಾರ ಹೊರಗೆ ಧೋ ಎಂದು ಸುರಿಯುತ್ತಿದ್ದಾಗ ತುಂಬಿದ ಡಿಸ್ಕೊಂದನ್ನು ಪೆಟ್ಟಿಗೆಯಿಂದ ತೆಗೆದು, ಫೈಲ್ ಹೆಸರುಗಳನ್ನು ತೋರಿಸುವ *ಕ್ಯಾಟ್ ಆಜ್ಞೆ ಕೊಟ್ಟೆ. 31 ಹೆಸರೂ ಒಂದೊಂದಾಗಿ ಬಂದವು.