ರಿಟೈರ್ ಆದ ಮೇಲೆ ಕೊಂಡ 8×42 ದುರ್ಬೀನು: ಏಳು ತಿಂಗಳ ಅನುಭವ

ರಿಟೈರ್ ಆದ ಹೊಸದರಲ್ಲಿ ಒಂದು ಡೈರಿ ತಂದು, ಆರಕ್ಕೆ ವಾಕಿಂಗ್, ಎಂಟಕ್ಕೆ ಪೇಪರ್, ಹತ್ತಕ್ಕೆ ಬೀರು ಜೋಡಿಸೋದು ಅಂತ ಗೆರೆ ಎಳೆದು ಟೈಮ್ ಟೇಬಲ್ ಬರೆದಿದ್ದೆ. ಹನ್ನೊಂದೇ ದಿನಕ್ಕೆ ಡೈರಿ ಮೂಲೆ ಸೇರಿತು. ಆಮೇಲೆ ಬಂದದ್ದು ಈ ದುರ್ಬೀನು.

8 ಅಂದರೆ ಎಂಟು ಪಟ್ಟು, 42 ಅಂದರೆ ಮುಂದಿನ ಗಾಜಿನ ಅಗಲ, ಮಿಲಿಮೀಟರಿನಲ್ಲಿ. ಜಾಸ್ತಿ ಇದ್ದಷ್ಟೂ ಒಳ್ಳೆಯದಲ್ವಾ ಅಂತ ನಾನು ಮೊದಲು 10ರದ್ದನ್ನೇ ಕೇಳಿದ್ದೆ. ಹಿಡಿದು ನೋಡಿದರೆ ಎದುರಿನ ಬೋರ್ಡು ಗಡಗಡ ನಡುಗುತ್ತಿತ್ತು. ನಡುಗುತ್ತಿದ್ದದ್ದು ನನ್ನ ಕೈ, ಬಿಡಿ. 8 ಸಾಕು.

ಕನ್ನಡಕ ಹಾಕುವವರು ಕಣ್ಣಿಡುವ ಕಡೆಯ ರಬ್ಬರ್ ಬಳೆಗಳನ್ನು ತಿರುಗಿಸಿ ಒಳಗೆ ಕೂರಿಸಿಕೊಳ್ಳಬೇಕು. ಇದು ಗೊತ್ತಿಲ್ಲದೆ ಒಂದು ವಾರ ಸಣ್ಣ ಕಿಂಡಿಯಲ್ಲಿ ಇಣುಕಿದ ಹಾಗೆ ನೋಡುತ್ತಾ ಸುಮ್ನೆ ಅಂಗಡಿಯವರನ್ನು ಬೈದುಕೊಂಡೆ.

ಕೊಟ್ಟ ದುಡ್ಡು ವಸೂಲಾದದ್ದು ಒಂದು ಕಾಗೆಯಿಂದ. ತನಗಿಂತ ಉದ್ದದ ಸೊಟ್ಟ ತಂತಿಯೊಂದನ್ನು ಕಚ್ಚಿಕೊಂಡು ಬಂದು ಕೊಂಬೆಯ ಕವಲಿಗೆ ತುರುಕುತ್ತಿತ್ತು. ತಂತಿ ಬಿತ್ತು. ಕೆಳಗಿಳಿದು ಹೆಕ್ಕಿತು, ಈ ಸಲ ನಡುವೆ ಹಿಡಿಯದೆ ತುದಿಯಲ್ಲಿ ಹಿಡಿಯಿತು, ಮತ್ತೆ ಬಿತ್ತು. ನಾಲ್ಕನೇ ಸಲಕ್ಕೆ ಕೂತಿತು ನೋಡಿ, ತಲೆ ಓರೆ ಮಾಡಿ ತಾನೇ ಒಮ್ಮೆ ಪರೀಕ್ಷೆ ಮಾಡಿತು. ದುರ್ಬೀನು ಕೆಳಗಿಟ್ಟಾಗ ನನ್ನ ಕಾಲ ಮೇಲಿದ್ದ ಬಿಸಿಲು ಗೋಡೆ ಹತ್ತಿತ್ತು. ಎಷ್ಟು ಹೊತ್ತಾಯಿತೋ, ಗಡಿಯಾರ ನೋಡಲಿಲ್ಲ. ನೋಡಿ ಮಾಡುವುದಾದರೂ ಏನಿತ್ತು?

ರಾತ್ರಿ ಗೋಡೆಗೆ ಒರಗಿ, ಮೊಣಕೈ ಊರಿ ಹಿಡಿದರೆ ಗುರುಗ್ರಹದ ಪಕ್ಕ ಸಾಲಾಗಿ ಚುಕ್ಕಿಗಳು ಕಾಣುತ್ತವೆ, 1610ರಲ್ಲಿ ಗೆಲಿಲಿಯೋ ಕಂಡ ಅದೇ ನಾಲ್ಕು ಚಂದ್ರರು. ನನಗೆ ಒಟ್ಟಿಗೆ ಸಿಕ್ಕಿದ್ದು ಮೂರೇ. ಹಗಲಲ್ಲಿ ಮಾತ್ರ ಅಪ್ಪಿತಪ್ಪಿಯೂ ಸೂರ್ಯನ ಕಡೆ ತಿರುಗಿಸಬೇಡಿ, ಕಣ್ಣು ಹೋಗುತ್ತದೆ.

ದೂರುಗಳೂ ಇವೆ. ಜೊತೆಗೆ ಬಂದ ಪಟ್ಟಿ ಅರ್ಧ ಗಂಟೆಗೆ ಕುತ್ತಿಗೆ ಕೊಯ್ಯುತ್ತದೆ, ಅಗಲದ್ದು ಬೇರೆ ತಗೊಳ್ಳಿ. ಗಾಜಿನ ಮುಚ್ಚಳ ಸಡಿಲ, ಒಂದು ಆಗಲೇ ಕಳೆದಿದೆ. ಅಂಗಿಯ ತುದಿಯಲ್ಲಿ ಒರೆಸಿ ಗೀರು ಮಾಡಿದ್ದು ಮಾತ್ರ ನನ್ನದೇ ತಪ್ಪು, ಮೊದಲು ಧೂಳು ಊದಿ ತೆಗೆಯಬೇಕಿತ್ತು.

ಇನ್ನೊಂದು ತೊಂದರೆ, ಮನೆಯಲ್ಲಿ ನೋಡುವವರು ಇಬ್ಬರು, ದುರ್ಬೀನು ಒಂದೇ. ಗೂಡಿನಲ್ಲಿ ಮರಿಗಳು ಬಾಯಿ ತೆರೆಯಲು ಶುರುಮಾಡಿದ ಮೇಲೆ ನನ್ನವಳು ಅದನ್ನು ಕೈಬಿಟ್ಟಿಲ್ಲ.