ಹಿಂದಿನ ಕ್ರೌನ್ ಪಿನಿಯನ್ ಮಾತ್ರ ಬದಲಾಯಿಸಿ ಜೀಪು ಕೊಟ್ಟರು. ನಿಮ್ಮದನ್ನು ಇವತ್ತೇ ಎಣಿಸಿ ನೋಡಿ

ಹಳೆ ಫೋರ್ ವೀಲ್ ಜೀಪಿನ ಹೌಸಿಂಗ್ (ಎರಡು ಚಕ್ರಗಳ ನಡುವೆ, ಕ್ರೌನ್ ಪಿನಿಯನ್ ಅನ್ನೋ ಗೇರ್ ಜೋಡಿ ಕೂರುವ ಪೆಟ್ಟಿಗೆ) ಬಿಚ್ಚಿಸಿ ಕೆಲಸ ಮಾಡಿಸಬೇಕು ಅಂತಿದ್ದೀರಾ? ಗ್ಯಾರೇಜಿಗೆ ಹೋಗುವ ಮೊದಲು ಇದನ್ನು ಓದಿ. ಕಳೆದ ಆಗಸ್ಟ್‌ನಲ್ಲಿ ನನ್ನ ಜೀಪು ಏರಿನಲ್ಲಿ ಹಿಂದಕ್ಕೆ ಜಾರಿತು. ಹ್ಯಾಂಡ್ ಬ್ರೇಕ್ ಎಳೆದೇ ಇತ್ತು. ಹಿಂದೆ ಗೊಬ್ಬರದ ಚೀಲಗಳ ಮೇಲೆ ತೋಟದ ಕೆಲಸದವರು ಇಬ್ಬರು ಕೂತಿದ್ದರು.

ನಮ್ಮ ತೋಟ ಸಕಲೇಶಪುರದ ಕಡೆ. ಜೀಪು ಅಪ್ಪ ತಗೊಂಡಿದ್ದು, ಮಹೀಂದ್ರಾ, ಹಳೆಯ ವಿಲ್ಲಿಸ್ ಸಿಜೆ-3ಬಿ ಅಚ್ಚಿನದು. ಹಿಂದೆ ಮುಂದೆ ಎರಡೂ ಕಡೆ 5.38 ರೇಶಿಯೋ. ಅಂದರೆ ಕ್ರೌನ್ ಅನ್ನೋ ದೊಡ್ಡ ಗೇರಿಗೆ 43 ಹಲ್ಲು, ಅದನ್ನು ತಿರುಗಿಸುವ ಚಿಕ್ಕ ಪಿನಿಯನ್‌ಗೆ 8. ಶಾಫ್ಟ್ 5.38 ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು. ಮಳೆಗಾಲದ ತೋಟದ ರಸ್ತೆಗೆ ಹೇಳಿ ಮಾಡಿಸಿದ ಲೆಕ್ಕ ಅದು. ವರ್ಷಗಟ್ಟಲೆ ದುಡಿದು ಹಿಂದಿನ ಹೌಸಿಂಗ್ ಊಳಿಡೋಕೆ ಶುರುವಾಯಿತು. ನಲವತ್ತು ದಾಟಿದರೆ ಪಕ್ಕದಲ್ಲಿ ಕೂತವರ ಮಾತು ಕೇಳಿಸುತ್ತಿರಲಿಲ್ಲ.

ನಮ್ಮೂರಿನ ಹಳೆ ಮೇಸ್ತ್ರಿಗೆ ಹುಷಾರಿರಲಿಲ್ಲ. ಅದಕ್ಕೇ ದೂರದ ಊರಿನ ಒಂದು ಗ್ಯಾರೇಜಿಗೆ ಕೊಟ್ಟೆ. ಹೆಸರು ಬರೆಯುವುದಿಲ್ಲ. ದೊಡ್ಡ ಗ್ಯಾರೇಜ್, ಆಫ್ ರೋಡ್ ಗಾಡಿಗಳು ಸಾಲಾಗಿ ನಿಂತಿದ್ದವು. ಅಲ್ಲಿನವರು ಹೇಳಿದ್ದು ಹೀಗೆ: "ಸಾರ್, ಅದೇ ಸೆಟ್ ಮತ್ತೆ ಹಾಕಿದ್ರೆ ಐವತ್ತರ ಮೇಲೆ ಇಂಜಿನ್ ಕಿರುಚುತ್ತೆ. 4.88 ಹಾಕೋಣ, ಹೈವೇಲಿ ಆರಾಮಾಗಿ ಓಡುತ್ತೆ. 31 ಇಂಚಿನ ಟೈರ್ ಹಾಕಿದ್ರೆ ನೋಡೋಕೂ ಚೆನ್ನಾಗಿರುತ್ತೆ."

"ಮುಂದಿನ ಹೌಸಿಂಗ್?" ಅಂತ ಕೇಳಿದೆ.

"ಎಲ್ಲ ಸೇರಿಸೇ ಹೇಳಿದ್ದೀನಿ ಸಾರ್."

ಹನ್ನೆರಡು ದಿನ ಬಿಟ್ಟು ಗಾಡಿ ತಂದೆ. ಬಿಲ್ಲಿನಲ್ಲಿ "ಕ್ರೌನ್ ಪಿನಿಯನ್ ಸೆಟ್ - 1" ಅಂತ ಬರೆದಿತ್ತು. ಆ ಒಂದು ಅನ್ನೋ ಅಂಕಿಯನ್ನು ನಾನು ನೋಡಿದ್ದು ಎಲ್ಲ ಆದ ಮೇಲೆ.

ಅವರು ಬದಲಾಯಿಸಿದ್ದು ಹಿಂದಿನದನ್ನು ಮಾತ್ರ. ಹಿಂದೆ 39 ಹಲ್ಲಿಗೆ 8, ಮುಂದೆ ಹಳೆಯ 43ಕ್ಕೆ 8. ಫೋರ್ ವೀಲ್ ಹಾಕಿದಾಗ ಟ್ರಾನ್ಸ್‌ಫರ್ ಕೇಸ್ (ಇಂಜಿನ್ ಶಕ್ತಿಯನ್ನು ಹಿಂದೆ ಮುಂದೆ ಹಂಚುವ ಗೇರ್ ಪೆಟ್ಟಿಗೆ) ಎರಡೂ ಹೌಸಿಂಗಿಗೆ ಹೋಗುವ ಪ್ರೊಪೆಲ್ಲರ್ ಶಾಫ್ಟುಗಳನ್ನು ಒಂದೇ ವೇಗದಲ್ಲಿ ತಿರುಗಿಸುತ್ತದೆ. ಆಗ ಹಿಂದಿನ ಚಕ್ರ ಹನ್ನೊಂದು ಸುತ್ತು ಹೋದರೆ ಮುಂದಿನದು ಹತ್ತೇ ಸುತ್ತು ಹೋಗಬೇಕು. ಒಂದೇ ಗಾಡಿ, ಒಂದೇ ರಸ್ತೆ, ಹೇಗೆ ಸಾಧ್ಯ? ಹಿಂದಿನದು ನೂಕುತ್ತದೆ, ಮುಂದಿನದು ತಡೆಯುತ್ತದೆ. ಕೆಸರಿನಲ್ಲಿ ಯಾವುದಾದರೂ ಚಕ್ರ ಜಾರಿ ಈ ಜಗಳ ಬಿಡಿಸುತ್ತದೆ, ನಮಗೆ ಗೊತ್ತೇ ಆಗುವುದಿಲ್ಲ. ಗಟ್ಟಿ ರಸ್ತೆಯಲ್ಲಿ ಟೈರ್ ಜಾರಲ್ಲ. ಆ ತಿರುಚು ಪೂರಾ ಶಾಫ್ಟು, ಕ್ರಾಸು (ಶಾಫ್ಟಿನ ತುದಿಯ ಕೀಲು), ಗೇರಿನ ಹಲ್ಲುಗಳ ಮೇಲೆ ಕೂರುತ್ತದೆ.

ಸೂಚನೆಗಳು ಸಿಕ್ಕಿದ್ದವು. ಫೋರ್ ವೀಲ್‌ನಲ್ಲಿ ನೇರ ರಸ್ತೆಯಲ್ಲೂ ಸ್ಟೇರಿಂಗ್ ಭಾರ. ಮುಂದಿನ ಟೈರಿನಿಂದ ಕಿರ್ ಕಿರ್ ಶಬ್ದ. ಲಿವರ್ ಬಿಡಿಸೋಕೆ ಪ್ರತಿ ಸಲ ಎರಡಡಿ ರಿವರ್ಸ್ ತಗೋಬೇಕಿತ್ತು. ಇಂಥ ಜೀಪುಗಳಲ್ಲಿ ಗಟ್ಟಿ ನೆಲದ ಮೇಲೆ, ಅದೂ ತಿರುವಿನಲ್ಲಿ, ಸ್ವಲ್ಪ ಬಿಗಿ ಇದ್ದೇ ಇರುತ್ತೆ. ಅದೇ ಇರಬೇಕು ಅಂದುಕೊಂಡೆ. ನೇರ ರಸ್ತೆಯಲ್ಲಿ ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ಬಿಗಿಯೋಕೆ ಶುರುವಾದರೆ ಅದು ಬೇರೆ ರೋಗ. ಅದನ್ನು ನಾನು ಗುರುತಿಸಲಿಲ್ಲ.

ಎಳೆಯುವ ಶಕ್ತಿಯೂ ಹೋಗಿತ್ತು. ಹಳೆಯ 6.00-16 ಟೈರ್ ಸುಮಾರು ಇಪ್ಪತ್ತೆಂಟೂವರೆ ಇಂಚು ಎತ್ತರ. ಅದರ ಬದಲು 31 ಹಾಕಿದರೆ ಅದೇ ಗೇರ್ ಸ್ವಲ್ಪ ಎತ್ತರಿಸಿದ ಹಾಗೆ. ಅದರ ಮೇಲೆ 4.88 ಬೇರೆ. ಎರಡೂ ಸೇರಿ ಗಾಡಿಯ ಲೆಕ್ಕ ಶೇಕಡಾ 20ರಷ್ಟು ಬದಲಾಯಿತು. ಸೆಕೆಂಡಿನಲ್ಲಿ ಹತ್ತುತ್ತಿದ್ದ ಏರಿಗೆ ಫಸ್ಟ್ ಬೇಕಾಯಿತು, ಕ್ಲಚ್ ಸುಟ್ಟ ವಾಸನೆ ಬರೋಕೆ ಶುರುವಾಯಿತು. ಸ್ಪೀಡೋಮೀಟರ್ ಕೇಬಲ್ ಟ್ರಾನ್ಸ್‌ಫರ್ ಕೇಸಿನಿಂದ ಬರುವುದರಿಂದ ಅದು 40 ತೋರಿಸಿದಾಗ ಗಾಡಿ 48ರಲ್ಲಿ ಓಡುತ್ತಿತ್ತು. ದೊಡ್ಡ ಟೈರ್ ಹಾಕುವವರು ರೇಶಿಯೋ ನಂಬರನ್ನು ಹೆಚ್ಚಿಸಬೇಕು, ಇಳಿಸುವುದಲ್ಲ. ಆಫ್ ರೋಡ್ ಕೆಲಸ ಗೊತ್ತಿದೆ ಅನ್ನುವ ಗ್ಯಾರೇಜು ಇದನ್ನು ಹೇಳಲಿಲ್ಲ ಅನ್ನೋದು ನನಗೆ ಇವತ್ತಿಗೂ ಹೊಟ್ಟೆ ಉರಿ.

ಆ ದಿನ ಎರಡು ದಿವಸದಿಂದ ಮಳೆ ಬಿಟ್ಟಿತ್ತು. ತೋಟದ ಕೆಸರಿನಿಂದ ಫೋರ್ ವೀಲ್‌ನಲ್ಲೇ ಮೇಲೆ ಬಂದು ಊರಿನ ಕಾಂಕ್ರೀಟ್ ರಸ್ತೆಗೆ ಹತ್ತಿದೆ. ರಸ್ತೆ ಒಣಗಿತ್ತು. ಲಿವರ್ ಎಳೆದರೆ ಬರಲಿಲ್ಲ. ಮೇಲೆ ಹೋಗಿ ಬಿಡಿಸೋಣ ಅಂತ ಹಾಗೇ ಓಡಿಸಿದೆ. ಏರಿನ ಅರ್ಧಕ್ಕೆ ಕಾಲ ಕೆಳಗೆ ಢಣ್ ಅಂತ ಶಬ್ದ, ಆಮೇಲೆ ತಗಡಿಗೆ ಏನೋ ಬಡಿದ ಹಾಗೆ. ನಿಲ್ಲಿಸಿ ಹ್ಯಾಂಡ್ ಬ್ರೇಕ್ ಎಳೆದು, ಗೇರ್ ನ್ಯೂಟ್ರಲ್ ಮಾಡಿ ಕಾಲು ತೆಗೆದೆ. ಗಾಡಿ ನಿಂತಿತು. ಅಭ್ಯಾಸದಂತೆ ಫೋರ್ ವೀಲ್ ಲಿವರ್ ಹಿಡಿದೆ. ಇಷ್ಟೊತ್ತು ಕಚ್ಚಿಕೊಂಡಿದ್ದ ಲಿವರ್ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬಂತು. ಜೀಪು ಹಿಂದಕ್ಕೆ ಹೊರಟಿತು.

ಈ ಜೀಪುಗಳ ಹ್ಯಾಂಡ್ ಬ್ರೇಕ್ ಚಕ್ರದಲ್ಲಿ ಇರಲ್ಲ. ಅದರ ಡ್ರಮ್ ಟ್ರಾನ್ಸ್‌ಫರ್ ಕೇಸಿನ ಹಿಂಬದಿಯಲ್ಲಿ, ಪ್ರೊಪೆಲ್ಲರ್ ಶಾಫ್ಟ್ ಶುರುವಾಗುವ ಕಡೆ ಇದೆ. ಹಿಂದಿನ ಶಾಫ್ಟಿನ ಕ್ರಾಸ್ ತುಂಡಾಗಿತ್ತು. ಫೋರ್ ವೀಲ್ ಇರುವಷ್ಟು ಹೊತ್ತು ಮುಂದಿನ ಶಾಫ್ಟಿನ ಮೂಲಕ ಬ್ರೇಕ್ ಹಿಡಿದಿತ್ತು. ನಾನು ಲಿವರ್ ಬಿಡಿಸಿದ ತಕ್ಷಣ ಹಿಡಿಯೋಕೆ ಏನೂ ಉಳಿಯಲಿಲ್ಲ. ಕಾಲು ಬ್ರೇಕ್ ಮೇಲೆ ಬೀಳುವಷ್ಟರಲ್ಲಿ ಎರಡು ಮಾರು ಹಿಂದೆ ಹೋಗಿದ್ದೆವು. ಬಲಗಡೆ ತೋಡು. ಹಿಂದಿದ್ದ ಹುಡುಗ ಹಾರಿ ಇಳಿದು ಚಕ್ರಕ್ಕೆ ಕಲ್ಲು ಕೊಟ್ಟ. ನಾನು ಎಷ್ಟೋ ಹೊತ್ತು ಬ್ರೇಕಿನಿಂದ ಕಾಲು ತೆಗೆಯಲಿಲ್ಲ.

ಹಳೆ ಮೇಸ್ತ್ರಿ ಮನೆಯಿಂದಲೇ ಎದ್ದು ಬಂದರು. ಹಿಂದಿನ ಹೌಸಿಂಗ್ ಮುಚ್ಚಳ ಬಿಚ್ಚಿ, ಕ್ರೌನಿನ ಅಂಚನ್ನು ಬಟ್ಟೆಯಿಂದ ಒರೆಸಿ ಟಾರ್ಚ್ ಹಿಡಿದರು. 39-8 ಅಂತ ಗುದ್ದಿತ್ತು. "ಗೌಡ್ರೇ, ಮುಂದೆ ಎಷ್ಟಿದೆ ಅಂತ ಅವರು ನೋಡೇ ಇಲ್ಲ" ಅಂದರು. ಹೊಸ ಹಲ್ಲುಗಳ ಮೇಲೆ ತುದಿಯಲ್ಲಿ ಮಾತ್ರ ಒಂದು ಸಣ್ಣ ಹೊಳಪು, ಉಗುರಿನಷ್ಟು. ಹಲ್ಲಿಗೆ ಹಲ್ಲು ಪೂರ್ತಿ ಕೂತೇ ಇರಲಿಲ್ಲ. ಬಣ್ಣ ಹಚ್ಚಿ ತಿರುಗಿಸಿ ಗುರುತು ನೋಡಿಲ್ಲ, ಶಿಮ್ (ತೆಳು ತಗಡಿನ ಬಿಲ್ಲೆ) ಹಾಕಿ ಹೊಂದಿಸಿಲ್ಲ, ಡಯಲ್ ಗೇಜ್ ಇಟ್ಟು ಹಲ್ಲುಗಳ ನಡುವಿನ ಆಟ ಅಳೆದಿಲ್ಲ. ಡೇನಾ 44 ಜಾತಿಯ ಹೌಸಿಂಗಿನಲ್ಲಿ ಆ ಆಟ ಸಾಮಾನ್ಯವಾಗಿ 0.13ರಿಂದ 0.23 ಮಿಲಿಮೀಟರ್ ಒಳಗೆ ಇರಬೇಕು. ಕೈಯಲ್ಲಿ ಅಲ್ಲಾಡಿಸಿ "ಸರಿ ಇದೆ" ಅನ್ನುವ ಕೆಲಸ ಅಲ್ಲ. ಡಯಲ್ ಗೇಜ್ ಇಲ್ಲದ ಗ್ಯಾರೇಜಿನಲ್ಲಿ ಕ್ರೌನ್ ಪಿನಿಯನ್ ಮುಟ್ಟಿಸಬೇಡಿ. ಗಾಡಿ ಕೊಡುವ ಮೊದಲೇ ಗೇಜ್ ತೋರಿಸಿ ಅಂತ ಕೇಳಿ, ನಾಚಿಕೆ ಬೇಡ.

ಈಗ ನಿಮ್ಮ ಗಾಡಿ. ಹೌಸಿಂಗ್ ಬಿಚ್ಚದೆಯೇ ನೋಡಬಹುದು. ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ನೆಲದ ಮೇಲಿರುವ ಚಕ್ರಗಳಿಗೆ ಎರಡೂ ಕಡೆಯಿಂದ ಕಲ್ಲು ಕೊಡಿ. ಗೇರು, ಟ್ರಾನ್ಸ್‌ಫರ್ ಕೇಸು ಎರಡೂ ನ್ಯೂಟ್ರಲ್. ಹ್ಯಾಂಡ್ ಬ್ರೇಕ್ ಶಾಫ್ಟಿನ ಮೇಲೆ ಇದ್ದರೆ ಬಿಟ್ಟಿರಬೇಕು. ಹಿಂದಿನ ಒಂದೇ ಚಕ್ರ ಜಾಕ್ ಕೊಟ್ಟು ಎತ್ತಿ, ಸ್ಟ್ಯಾಂಡ್ ಇಡಿ. ಟೈರಿಗೂ ಶಾಫ್ಟಿಗೂ ಸೀಮೆಸುಣ್ಣದ ಗೆರೆ ಎಳೆಯಿರಿ. ಚಕ್ರವನ್ನು 20 ಸುತ್ತು ತಿರುಗಿಸಿ, ಇನ್ನೊಬ್ಬರು ಶಾಫ್ಟಿನ ಸುತ್ತು ಎಣಿಸಲಿ. ಒಂದೇ ಚಕ್ರ ತಿರುಗುವುದರಿಂದ ಶಾಫ್ಟಿನ ಲೆಕ್ಕ ಅರ್ಧವಾಗುತ್ತದೆ: 5.38 ಆದರೆ ಐವತ್ಮೂರು ಮುಕ್ಕಾಲು ಬರುತ್ತದೆ, 4.88 ಆದರೆ ನಲವತ್ತೆಂಟು ಮುಕ್ಕಾಲು. ಮುಂದೆಯೂ ಹಾಗೇ ಮಾಡಿ. ಹಬ್ ಲಾಕ್ (ಮುಂದಿನ ಚಕ್ರವನ್ನು ಆಕ್ಸಲ್‌ಗೆ ಸೇರಿಸುವ, ಬಿಡಿಸುವ ಲಾಕ್) ಇದ್ದರೆ ಲಾಕ್ ಮಾಡಿಯೇ ತಿರುಗಿಸಿ, ಇಲ್ಲದಿದ್ದರೆ ಚಕ್ರ ಸುಮ್ನೆ ತಿರುಗುತ್ತದೆ, ಶಾಫ್ಟ್ ಅಲ್ಲಾಡಲ್ಲ.

ನಾನು ವಾಪಸ್ 43-8 ಸೆಟ್ ಹಾಕಿಸಿದೆ, 6.00-16 ಟೈರಿಗೇ ಬಂದೆ. ಗ್ಯಾರೇಜಿನವರು ಲೇಬರ್ ದುಡ್ಡು ಮಾತ್ರ ವಾಪಸ್ ಕೊಟ್ಟರು, ಅದೂ ನಾಲ್ಕು ಸಲ ಓಡಾಡಿದ ಮೇಲೆ.

ಪಕ್ಕದ ತೋಟದವರೂ ಅಲ್ಲೇ ಕೆಲಸ ಮಾಡಿಸಿದ್ದರು. ಮೊನ್ನೆ ಭಾನುವಾರ ಅವರ ಜೀಪಿಗೆ ಜಾಕ್ ಕೊಟ್ಟು ಎಣಿಸಿದೆವು. ಮುಂದೆ ಐವತ್ಮೂರು ಮುಕ್ಕಾಲು, ಹಿಂದೆ ನಲವತ್ತೆಂಟು ಮುಕ್ಕಾಲು. ಅವರು ಅಲ್ಲೇ ಸ್ಪ್ಯಾನರ್ ತರಿಸಿ ಮುಂದಿನ ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಿ ಶೆಡ್ಡಿನಲ್ಲಿ ಇಟ್ಟರು. ಸರಿಯಾದ ಸೆಟ್ ಸಿಗುವವರೆಗೆ ಟೂ ವೀಲ್‌ನಲ್ಲೇ ಓಡಿಸುತ್ತಾರಂತೆ.