ಎನ್‌ವಿಡಿಎ ಸ್ಕ್ರೀನ್ ರೀಡರ್: ವರ್ಷಗಟ್ಟಲೆ ಬಳಸಿದ ಮೇಲೆ

ಬಳ್ಳಾರಿಯ ಒಂದು ಜೀನ್ಸ್ ಘಟಕದಲ್ಲಿ ಆರ್ಡರ್, ಬಿಲ್ ನೋಡಿಕೊಳ್ಳುತ್ತೇನೆ. ನನಗೆ ಕಣ್ಣು ಕಾಣುವುದಿಲ್ಲ. ಕಂಪ್ಯೂಟರ್ ಪರದೆಯಲ್ಲಿ ಇರುವುದನ್ನೆಲ್ಲ ಎನ್‌ವಿಡಿಎ ಅನ್ನುವ ಸಾಫ್ಟ್‌ವೇರ್ ಓದಿ ಹೇಳುತ್ತದೆ. 2006ರಲ್ಲಿ ಇದನ್ನು ಶುರು ಮಾಡಿದವರು ಆಸ್ಟ್ರೇಲಿಯಾದ ಮೈಕೆಲ್ ಕರನ್. ಅವರಿಗೂ ಕಣ್ಣು ಕಾಣುವುದಿಲ್ಲ. ಪೂರ್ತಿ ಉಚಿತ. ಇನ್‌ಸ್ಟಾಲ್ ಮಾಡದೆ ಪೆನ್‌ಡ್ರೈವ್‌ನಿಂದಲೂ ಓಡುತ್ತದೆ. ನಮ್ಮಲ್ಲಿ ಕರೆಂಟ್ ಹೋದರೆ ರಾಯಲ್ ಸರ್ಕಲ್ ಕಡೆಯ ಸೈಬರ್ ಸೆಂಟರ್‌ಗೆ ಹೋಗಿ ಅವರ ಕಂಪ್ಯೂಟರ್‌ನಲ್ಲೇ ಕೆಲಸ ಮುಗಿಸುತ್ತೇನೆ.

ವೆಬ್‌ಸೈಟ್ ಚೆನ್ನಾಗಿದ್ದರೆ ಇದರ ಓಟ ನೋಡಬೇಕು. ಎಚ್ ಒತ್ತಿದರೆ ಮುಂದಿನ ತಲೆಬರಹ, ಕೆ ಒತ್ತಿದರೆ ಲಿಂಕ್, ಎಫ್ ಒತ್ತಿದರೆ ಫಾರ್ಮ್‌ನ ಖಾನೆ. ಆದರೆ ತಲೆಬರಹವನ್ನು ತಲೆಬರಹ ಅಂತ ಕೋಡ್‌ನಲ್ಲೇ ಗುರುತು ಮಾಡಿರಬೇಕು. ಸುಮ್ನೆ ಅಕ್ಷರ ದಪ್ಪ ಮಾಡಿ ಬಿಟ್ಟರೆ ಎಚ್ ಎಷ್ಟು ಒತ್ತಿದರೂ ಅಲ್ಲಿಗೆ ಹೋಗುವುದಿಲ್ಲ.

ಜಿಪ್, ಬಟನ್ ತರಿಸುವ ಒಂದು ಹೋಲ್‌ಸೇಲ್ ಸೈಟ್ ಇದೆ. ಹೆಸರು ಬೇಡ. ಅಲ್ಲಿ ಪ್ರತಿ ಚಿತ್ರವೂ ಲಿಂಕ್, ಒಂದಕ್ಕೂ ಆಲ್ಟ್ ಟೆಕ್ಸ್ಟ್, ಅಂದರೆ ಚಿತ್ರದಲ್ಲಿ ಏನಿದೆ ಅಂತ ಕೋಡ್‌ನಲ್ಲಿ ಬರೆಯುವ ವಿವರಣೆ, ಇಲ್ಲ. ಎನ್‌ವಿಡಿಎ ತಾನೇ ಏನು ಮಾಡೀತು, ಪಾಪ. ಫೈಲ್ ಹೆಸರನ್ನೇ ಓದುತ್ತದೆ: "ಗ್ರಾಫಿಕ್, ಲಿಂಕ್, ಐಎಂಜಿ ಸೊನ್ನೆ ನಾಲ್ಕು ಏಳು..." "ಹಿತ್ತಾಳೆ ಜಿಪ್, 6 ಇಂಚು" ಅಂತ ಬರೆದಿದ್ದರೆ ಸಾಕಿತ್ತು. ಕಾರ್ಟ್‌ಗೆ ಹಾಕುವ ಕಡೆಯೂ ಹೆಸರಿಲ್ಲ, ಬರೀ "ಬಟನ್" ಅನ್ನುತ್ತದೆ. ಯಾವ ಬಟನ್ ಮಾರಾಯ, ಪ್ಯಾಂಟಿಗೆ ಹಾಕುವುದಾ? 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಖಾಸಗಿಯವರನ್ನೂ ಬಿಟ್ಟಿಲ್ಲ. ಅದನ್ನೇ ಹೇಳಿ ಮೇಲ್ ಹಾಕಿದೆ. "ನಮ್ಮ ಆ್ಯಪ್ ಬಳಸಿ ಸರ್" ಅಂತ ಉತ್ತರ ಬಂತು. ಆ್ಯಪ್‌ನಲ್ಲೂ ಅದೇ ಕಥೆ. ಈಗ ಫೋನ್ ಮಾಡಿಯೇ ಆರ್ಡರ್ ಕೊಡುತ್ತೇನೆ.

ಇವೆಲ್ಲ ಎನ್‌ವಿಡಿಎ ತಪ್ಪಲ್ಲ, ಅದಕ್ಕೇ ಇವುಗಳಿಗಾಗಿ ಸ್ಟಾರ್ ಕಡಿಮೆ ಮಾಡಿಲ್ಲ. ಅರ್ಧ ಸ್ಟಾರ್ ಕಳೆದಿರುವುದು ಕನ್ನಡ ದನಿಗೆ. ಜೊತೆಯಲ್ಲೇ ಬರುವ ಇ-ಸ್ಪೀಕ್ ದನಿ ತೀರಾ ಯಂತ್ರದ ಥರ, ಹೊಸಬರಿಗೆ ಅರ್ಧ ಮಾತು ತಿಳಿಯುವುದೇ ಇಲ್ಲ. ನನಗೆ ಕಿವಿ ಒಗ್ಗಿದೆ, ವೇಗ ಜಾಸ್ತಿ ಇಟ್ಟುಕೊಂಡೇ ಕೇಳುತ್ತೇನೆ.

ನುಡಿ, ಬರಹ ಅನ್ನುವ ಹಳೇ ಕನ್ನಡ ಫಾಂಟ್‌ಗಳ ಕಡತ ಬಂದರೆ ಮಾತ್ರ ಕಷ್ಟ. ಪರದೆಯಲ್ಲಿ ಕನ್ನಡ ಕಂಡರೂ ಒಳಗಿರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳು. ಎನ್‌ವಿಡಿಎ ಓದುವುದು ಅವನ್ನೇ. ಕನ್ನಡ ಅಕ್ಷರವನ್ನು ಕನ್ನಡವಾಗಿಯೇ ಇಡುವ ಯೂನಿಕೋಡ್‌ಗೆ ಬದಲಿಸಿಕೊಂಡೇ ಓದಿಸಬೇಕು.

ಲ್ಯಾಪ್‌ಟಾಪ್‌ನಲ್ಲಿ ಹಾಕಿಕೊಳ್ಳುವವರು ಮೊದಲು ಸೆಟ್ಟಿಂಗ್‌ನಲ್ಲಿ ಕ್ಯಾಪ್ಸ್ ಲಾಕ್ ಅನ್ನು ಎನ್‌ವಿಡಿಎ ಕೀ (ಎನ್‌ವಿಡಿಎಗೆ ಆಜ್ಞೆ ಕೊಡಲು ಬೇರೆ ಕೀ ಜೊತೆ ಒತ್ತುವ ಕೀ) ಮಾಡಿಕೊಳ್ಳಿ. ಇನ್ಸರ್ಟ್ ಕೀ ಎಲ್ಲಿದೆ ಅಂತ ತಡಕಾಡುವುದು ತಪ್ಪುತ್ತದೆ.